ಸಬ್‌ವೂಫರ್ ಇಡುವ ಜಾಗ ಹುಡುಕೋಕೆ ಅಂಬೆಗಾಲಿಡಿ

ದೊಡ್ಡ ಹಾಲ್‌ಗೆ ಸಬ್‌ವೂಫರ್ (ಬಾಸ್, ಅಂದರೆ ತಗ್ಗು ಸ್ವರದ ಸದ್ದಿಗೇ ಇರುವ ಸ್ಪೀಕರ್) ತಗೊಳ್ಳುವವರು ಬರೀ ವ್ಯಾಟ್ ನೋಡಿ ಮರುಳಾಗಬೇಡಿ. ಎಷ್ಟು ತಗ್ಗು ಸ್ವರದವರೆಗೆ ಇಳಿಯುತ್ತದೆ ಅಂತ ಕೇಳಿ. ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ, ಅಂಕಿ ಕಮ್ಮಿಯಾದಷ್ಟೂ ಸ್ವರ ತಗ್ಗು. ಸಿನಿಮಾಗೆ 20 ಹರ್ಟ್ಜ್ ಹತ್ತಿರ ಹೋದರೇನೇ ಮಜಾ.

ನಮ್ಮ ಹಾಲ್ 20 ಅಡಿ ಉದ್ದ. ಟಿವಿ ಪಕ್ಕದ ಮೂಲೆ ಖಾಲಿ ಇತ್ತು ಅಂತ ಸುಮ್ನೆ ಅಲ್ಲೇ ಇಟ್ಟಿದ್ದೆ. ಷೋಕೇಸ್ ಗಾಜು ಗಡಗಡ ಅಂತಿತ್ತು, ಸೋಫಾದಲ್ಲಿ ಕೂತರೆ ಮಾತ್ರ ಬಾಸೇ ಇಲ್ಲ! ಸೋಫಾ ನಟ್ಟನಡುವೆ ಇತ್ತು. ಇಷ್ಟು ಉದ್ದದ ರೂಮಿನ ಮಧ್ಯದಲ್ಲಿ 28 ಹರ್ಟ್ಜ್ ಆಸುಪಾಸಿನ ಸದ್ದು ಸತ್ತೇ ಹೋಗುತ್ತದೆ. ಮೊದಲು ಸೋಫಾವನ್ನು 3 ಅಡಿ ಹಿಂದೆ ತಳ್ಳಿದೆ.

ಆಮೇಲೆ ಸಬ್‌ವೂಫರನ್ನೇ ಸೋಫಾ ಮೇಲೆ ಕೂರಿಸಿ, ಬಾಸ್ ಇರುವ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿ, ಗೋಡೆಗುಂಟ ಅಂಬೆಗಾಲಿಟ್ಟೆ. ಮನೆಯವರು ಬಿದ್ದು ಬಿದ್ದು ನಕ್ಕರು, ಅದು ಬಿಡಿ. ಕೆಲವು ಕಡೆ ಗುಂಯ್ ಅಂತ ಎಳೆಯುತ್ತದೆ, ಕೆಲವು ಕಡೆ ಪೊಳ್ಳು. ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಿದ ಜಾಗವೇ ಸಬ್‌ವೂಫರ್‌ಗೆ. ನನಗೆ ಸಿಕ್ಕಿದ್ದು ಎಡಗೋಡೆಯ ಮಧ್ಯ.

ಕ್ರಾಸ್‌ಓವರ್ (ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಸೆಟ್ಟಿಂಗ್) 80 ಹರ್ಟ್ಜ್‌ನಿಂದ ಶುರು ಮಾಡಿ. ದುಡ್ಡಿದ್ದರೆ 15 ಇಂಚಿನದು ಒಂದಕ್ಕಿಂತ 12 ಇಂಚಿನವು ಎರಡು ತಗೊಳ್ಳಿ. ಎದುರುಬದುರು ಗೋಡೆಗಳ ಮಧ್ಯದಲ್ಲಿಟ್ಟರೆ ಎಲ್ಲ ಸೀಟಿಗೂ ಬಾಸ್ ಹೆಚ್ಚುಕಮ್ಮಿ ಒಂದೇ ಥರ ಸಿಗುತ್ತದೆ.