ನೋವು ಬಂದ ಮೇಲೂ ಸ್ವಲ್ಪ ನಡೆಯಿರಿ: ನನ್ನ ಅನುಭವ

ನಾನು ಫಿಸಿಯೋಥೆರಪಿಸ್ಟ್. ಕಾಲಿಗೆ ರಕ್ತ ಸಾಲದೆ ನಡೆಯುವಾಗ ನೋವು ಬರುವವರಿಗೆ ನಡಿಗೆಯ ತರಬೇತಿ ಕೊಡುತ್ತೇನೆ. ಬರುವವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ. ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ರಕ್ತನಾಳದ ಒಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುವುದು ಇದಕ್ಕೆ ಕಾರಣ. ಕೂತಾಗ ಸ್ನಾಯುವಿಗೆ ಸಾಕಾಗುವ ರಕ್ತ ನಡೆಯುವಾಗ ಸಾಲುವುದಿಲ್ಲ.

ಮೊದಲು ನಾನು ಕೇಳುವುದು: "ನೋವು ಹೋಗಬೇಕಾದರೆ ಸುಮ್ನೆ ನಿಂತರೆ ಸಾಕಾ, ಕೂತು ಮುಂದಕ್ಕೆ ಬಗ್ಗಬೇಕಾ?" ಬಗ್ಗಿದಾಗಲೇ ಆರಾಮ ಅಂದರೆ ತೊಂದರೆ ಬೆನ್ನಿನ ನರದ್ದಿರಬಹುದು. ಆಮೇಲೆ ಪಾದದ ಗಂಟಿನ ಬಳಿಯ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಲೆಕ್ಕ ನೋಡುತ್ತೇನೆ. ಅದು 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳ ಗಟ್ಟಿಯಾಗಿ ಈ ಅಂಕಿ ಸುಳ್ಳು ಹೇಳುವುದುಂಟು. ಅವರಿಗೆ ಕಾಲ್ಬೆರಳಿನ ಬಿಪಿ ನೋಡುವುದು ಒಳ್ಳೆಯದು.

ತರಬೇತಿ ಸರಳ. ಟ್ರೆಡ್‌ಮಿಲ್ ಮೇಲೆ ನಿಧಾನವಾಗಿ, ಗಂಟೆಗೆ ಸುಮಾರು 3 ಕಿ.ಮೀ. ವೇಗದಲ್ಲಿ ಶುರು ಮಾಡಿಸುತ್ತೇನೆ. ನೋವು ಮಧ್ಯಮ ಮಟ್ಟ ದಾಟಿ ಜೋರಾಗುತ್ತಿದೆ ಅನ್ನಿಸುವವರೆಗೂ ನಡೆಯಬೇಕು. ಆಗ ನಿಲ್ಲಬೇಕು. ನೋವು ಪೂರ್ತಿ ಹೋದ ಮೇಲೆ ಮತ್ತೆ ಹೊರಡಬೇಕು. ವಿಶ್ರಾಂತಿಯೂ ಸೇರಿ 30ರಿಂದ 60 ನಿಮಿಷ, ವಾರಕ್ಕೆ ಮೂರು ಸಲ, ಕನಿಷ್ಠ 12 ವಾರ. ಒಂದೇ ಉಸಿರಿಗೆ 8ರಿಂದ 10 ನಿಮಿಷ ನಡೆಯುವಂತಾದರೆ ಏರು ಇಲ್ಲವೇ ವೇಗ ಸ್ವಲ್ಪ ಹೆಚ್ಚಿಸುತ್ತೇನೆ.

ಕಷ್ಟ ಇರುವುದು ನೋವಿನ ವಿಷಯದಲ್ಲಿ. ನೋವು ಶುರುವಾದ ಕೂಡಲೇ ನಿಲ್ಲುವುದು ಎಲ್ಲರ ಸ್ವಭಾವ. ಮನೆಯವರೂ "ಸಾಕು, ಕೂತ್ಕೊಳ್ಳಿ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದರಿಂದ ನಡಿಗೆ ಇನ್ನಷ್ಟು ಕುಗ್ಗುತ್ತದೆ. ಹಾಗಾಗಿ ಮೊದಲ ದಿನ ಮನೆಯವರನ್ನೂ ಒಳಗೆ ಕರೆದು ಕೂರಿಸುತ್ತೇನೆ. "ಈ ನೋವಿನಿಂದ ಕಾಲು ಹಾಳಾಗುವುದಿಲ್ಲ. ಸ್ನಾಯು ರಕ್ತ ಕೇಳುತ್ತಿದೆ, ಅಷ್ಟೇ" ಎಂದು ಬಿಡಿಸಿ ಹೇಳುತ್ತೇನೆ. ನೋವಿಗೆ 1ರಿಂದ 5ರವರೆಗೆ ಅಂಕ ಕೊಡಲು ಕಲಿಸುತ್ತೇನೆ. 3 ಅಥವಾ 4 ಬಂದಾಗ ನಿಂತರೆ ಸರಿ. 2ಕ್ಕೇ ನಿಲ್ಲುವವರ ಪಕ್ಕದಲ್ಲಿ ನಿಂತು, ಮಾತಾಡಿಸುತ್ತಾ, ಇನ್ನೊಂದಿಷ್ಟು ಹೆಜ್ಜೆ ಹಾಕಿಸುತ್ತೇನೆ. ನನ್ನ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ನೋವೇ ಬಾರದಂತೆ ಮೆಲ್ಲಗೆ ನಡೆದರೆ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. 2021ರಲ್ಲಿ ಪ್ರಕಟವಾದ ಲೈಟ್ ಎಂಬ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಒಂದು ವರ್ಷದ ನಂತರ, ನೋವು ಬರುವಷ್ಟು ನಡೆದವರು ಆರು ನಿಮಿಷದಲ್ಲಿ ಮೊದಲಿಗಿಂತ ಜಾಸ್ತಿ ದೂರ ನಡೆದರು. ಮೆಲ್ಲಗೆ ನಡೆದವರಿಗೆ ಅಂಥ ಲಾಭ ಸಿಗಲಿಲ್ಲ. ಎರಡೂ ಬಗೆಯವರು ನಡೆದದ್ದು ಮನೆಯ ಸುತ್ತಮುತ್ತಲೇ, ಫೋನಿನಲ್ಲಿ ತರಬೇತುದಾರರ ಮಾರ್ಗದರ್ಶನ ಇತ್ತು. ಟ್ರೆಡ್‌ಮಿಲ್ ಇಲ್ಲದವರಿಗೆ ನಾನು ಧೈರ್ಯ ಹೇಳುವುದು ಇದರ ಬಲದ ಮೇಲೆ.

ಇಷ್ಟೆಲ್ಲ ಆದ ಮೇಲೂ ಪಾದದ ಬಿಪಿಯ ಲೆಕ್ಕ ಸಾಮಾನ್ಯವಾಗಿ ಹೆಚ್ಚು ಬದಲಾಗುವುದಿಲ್ಲ. ಕೆಲವರಿಗೆ ಇದರಿಂದ ಬೇಜಾರಾಗುತ್ತದೆ. ಕಟ್ಟಿಕೊಂಡ ಕೊಬ್ಬು ಅಲ್ಲೇ ಇರುತ್ತದೆ, ನಿಜ. ಆದರೆ ಸ್ನಾಯು ಸಿಕ್ಕ ಆಮ್ಲಜನಕವನ್ನೇ ಚೆನ್ನಾಗಿ ಬಳಸಲು ಕಲಿಯುತ್ತದೆ, ಸಣ್ಣ ರಕ್ತನಾಳಗಳು ಚುರುಕಾಗುತ್ತವೆ, ನಡಿಗೆಯ ಶೈಲಿಯೂ ಸುಧಾರಿಸುತ್ತದೆ. "ಅಂಕಿ ಬಿಟ್ಟು ನಡೆದ ದೂರ ನೋಡಿ" ಅನ್ನುತ್ತೇನೆ. ಬೀಡಿ, ಸಿಗರೇಟು ಮಾತ್ರ ಬಿಡಲೇಬೇಕು. ವೈದ್ಯರು ಕೊಟ್ಟ ಮಾತ್ರೆಗಳೂ ತಪ್ಪಬಾರದು.

ಎಲ್ಲರನ್ನೂ ನಡೆಸುವುದಿಲ್ಲ. ರಾತ್ರಿ ಮಲಗಿದಾಗಲೂ ಪಾದ ನೋಯುವವರು, ಪಾದದಲ್ಲಿ ಮಾಯದ ಹುಣ್ಣು ಇರುವವರು ಮೊದಲು ರಕ್ತನಾಳದ ವೈದ್ಯರನ್ನು ಕಾಣಬೇಕು. ಈ ಕಾಯಿಲೆಯವರ ಹೃದಯದ ರಕ್ತನಾಳದಲ್ಲೂ ತೊಂದರೆ ಇರುವುದುಂಟು. ಆದ್ದರಿಂದ ನಡೆಯುವಾಗ ಎದೆ ನೋವು ಬಂದರೆ ತಕ್ಷಣ ನಿಲ್ಲಿಸುತ್ತೇನೆ. ಸಕ್ಕರೆ ಕಾಯಿಲೆಯವರ ಪಾದಗಳನ್ನು ಪ್ರತಿ ಸಲ ನಡೆಯುವ ಮುಂಚೆ ಮತ್ತು ನಡೆದ ಮೇಲೆ ನಾನೇ ನೋಡುತ್ತೇನೆ, ಏಕೆಂದರೆ ಗುಳ್ಳೆ ಎದ್ದರೂ ಅವರಿಗೆ ಗೊತ್ತಾಗದೇ ಇರಬಹುದು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದರೆ ತರಬೇತಿಯ ಮಾತೇ ಇಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.