ನಾ ಎಂತ ತರ್ಲಿ? ರಜೆ ಊಟದ ಐಟಂ ಹಂಚೋದು ಹೀಗೆ

ಕ್ರಿಸ್ಮಸ್ ರಜೆಗೆ ಕಾರವಾರದಲ್ಲಿ ಒಂದು 20 ಜನ ಸೇರೋಣ, ಒಬ್ಬೊಬ್ಬರು ಒಂದೊಂದು ಐಟಂ ತನ್ನಿ ಅಂತ ಹೇಳೋದೇನೋ ಸುಲಭ, ಆದ್ರೆ ವಾಟ್ಸಾಪ್ ಗ್ರೂಪಲ್ಲಿ "ನಿಮಗೆ ಇಷ್ಟ ಆದದ್ದು ತನ್ನಿ" ಅಂತ ಹಾಕಿಬಿಟ್ರೆ ನಾಲ್ಕು ಪಾತ್ರೆ ಪಾಯಸ ಬರ್ತದೆ, ಅನ್ನ ಮಾತ್ರ ಯಾರೂ ತರೋದಿಲ್ಲ.

ಮೊದಲು ತಲೆ ಲೆಕ್ಕ. ದೊಡ್ಡವರೆಷ್ಟು, ಮಕ್ಕಳೆಷ್ಟು, ಮೀನು ತಿನ್ನದವರೆಷ್ಟು, ಈರುಳ್ಳಿ ಬೆಳ್ಳುಳ್ಳಿನೂ ಬೇಡ ಅನ್ನೋರು ಇದಾರಾ, ಇದನ್ನ ವಾರ ಮುಂಚೆನೇ ಫೋನ್ ಮಾಡಿ ಕೇಳ್ಬಿಡಿ.

ಆಮೇಲೆ ಹಂಚಿಕೆ. ಎಲ್ಲರೂ ಯಾರ ಕೈರುಚಿ ಯಾವುದರಲ್ಲಿ ಅಂತ ನೋಡ್ತಾರೆ, ನಾನು ಹೇಳೋದು ಯಾರು ಎಷ್ಟು ದೂರದಿಂದ ಬರ್ತಾರೆ ಅಂತ ನೋಡಿ. ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಬರೋರಿಗೆ ಸಾಂಬಾರ್ ಹೇಳಿದ್ರೆ ಅರ್ಧ ಕಾರಿನ ಡಿಕ್ಕಿಯೇ ಕುಡೀತದೆ! ಅವರಿಗೆ ತೊಡದೇವು, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಹೇಳಿ. ತೊಡದೇವು ಅಂದ್ರೆ ಗೊತ್ತಲ್ಲ, ಬೋರಲು ಇಟ್ಟ ಬಿಸಿ ಮಡಕೆ ಮೇಲೆ ಅಕ್ಕಿಹಿಟ್ಟು ಕಬ್ಬಿನಹಾಲು ಕಲಸಿದ್ದು ಬಳಿದು ಎಬ್ಬಿಸೋದು, ಕಾಗದದಷ್ಟು ತೆಳು, ಗಾಳಿ ತಾಗದಿದ್ರೆ ತಿಂಗಳುಗಟ್ಟಲೆ ಇರ್ತದೆ, ಆದ್ರೆ ನಮ್ಮ ಕಡಲ ಗಾಳಿಗೆ ನೋಡ್ತಾ ನೋಡ್ತಾ ಮೆತ್ತಗಾಗ್ತದೆ. ಹಾಗಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಬರಲಿ, ಎಲ್ಲರೂ ಕೂತ ಮೇಲೇ ಮುಚ್ಚಳ ತೆಗೀರಿ, ಪಕ್ಕದಲ್ಲಿ ತುಪ್ಪ ಇರಲಿ.

ಊರೊಳಗಿನವರಿಗೆ ದಾಳಿತೋವೆ (ಕೊಂಕಣಿ ಬೇಳೆ ತೊವ್ವೆ), ಪಲ್ಯ, ಸಾನ್ನಾ (ಇಡ್ಲಿ ತರದ ಅಕ್ಕಿ ತಿಂಡಿ). ಕ್ರಿಸ್ಮಸ್ ಮಾಡೋ ಮನೆಯವರಿಗೆ ಹೊಸದಾಗಿ ಏನೂ ಹೇಳ್ಬೇಡಿ, ಹಿಂದಿನ ರಾತ್ರಿ ಇಗರ್ಜಿಯಲ್ಲಿ (ಚರ್ಚಲ್ಲಿ) ಪೂಜೆ ಮುಗಿಸಿ ಸುಸ್ತಾಗಿರ್ತಾರೆ, ಮನೆಯಲ್ಲಿ ನೆವ್ರಿ (ಕರ್ಜಿಕಾಯಿ ತರದ್ದು), ಕುಲ್ಕುಲ್ (ಸುರುಳಿ ಮಾಡಿ ಕರಿದ ಸಿಹಿ) ಮಾಡಿಟ್ಟಿರ್ತಾರೆ, ಅದೇ ಬರಲಿ.

ಪಕ್ಕದ ಮನೆಯವರಿಗೆ ತಂಬ್ಳಿ ಮತ್ತೆ ಬಂಗಡೆ. ತಂಬ್ಳಿಗೆ ಕಾಯಿ ಬೀಸಿ ಮಜ್ಜಿಗೆ ಹಾಕೋದು, ಕುದಿಸೋದಿಲ್ಲ, ಇಲ್ಲಿನ ಸೆಕೆಗೆ ಬೇಗ ಕೆಡ್ತದೆ, ಊಟಕ್ಕೆ ಸ್ವಲ್ಪ ಮುಂಚೆ ಮಾಡಿದ್ರೇ ಚಂದ. ಬಂಗಡೆಗೆ ಮಸಾಲೆ ಹಚ್ಚಿ ಫ್ರಿಜ್ಜಲ್ಲಿಟ್ಟು, ಜನ ಬಂದ ಮೇಲೆ ತಂದು ರವೆ ಹೊರಳಿಸಿ ನಿಮ್ಮ ಒಲೆ ಮೇಲೇ ಹುರೀಲಿ. ಮನೆಯಿಂದ ಹುರಿದು ತಂದ್ರೆ ಅದು ಫ್ರೈ ಅಲ್ಲ, ಒದ್ದೆ ರವೆ.

ಅಡುಗೆ ಬಾರದ ಹುಡುಗರಿಗೆ ಬಾಳೆಎಲೆ, ನೀರಿನ ಕ್ಯಾನ್. ಅನ್ನ ಮನೆಯವರದ್ದೇ, ಬೇರೆಯವರಿಗೆ ಬಿಡ್ಬೇಡಿ. ಸಾನ್ನಾನೂ ಇರೋದ್ರಿಂದ 20 ಜನಕ್ಕೆ ಒಂದೂವರೆ ಕೆಜಿ ಅಕ್ಕಿ ಸಾಕು.

ಅಳತೆನೂ ಹೇಳ್ಬೇಕು ಮಾರಾಯ್ರೆ! ಪ್ರತಿಯೊಬ್ಬರೂ 20 ಜನಕ್ಕೆ ಮಾಡಿ ತಂದ್ರೆ ಮರುದಿನ ಇಡೀ ಕೇರಿಗೆ ಹಂಚ್ಬೇಕಾಗ್ತದೆ. 10-12 ಜನಕ್ಕೆ ಆಗುವಷ್ಟು ಅಂತ ಹೇಳಿ, ಹೇಗೂ ಅತ್ತೆಯಂದಿರು ಅದಕ್ಕಿಂತ ಜಾಸ್ತಿನೇ ತರ್ತಾರೆ.

ಮೀನಿಗೆ ಬೇರೆ ಟೇಬಲ್, ಬೇರೆ ಸೌಟು. ಹುಳಿ ಪದಾರ್ಥ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಗೆ ಬೇಡ. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡ್ಬೇಡಿ, ಉಳಿದದ್ದು ಕೂಡ್ಲೇ ಫ್ರಿಜ್ಜಿಗೆ, ಮರುದಿನ ಚೆನ್ನಾಗಿ ಕುದಿಸಿಯೇ ತಿನ್ನಿ.

ಕೊನೆಗೆ ಪಾತ್ರೆ. ಬಂದ ಕೂಡ್ಲೇ ತಳಕ್ಕೆ ಟೇಪ್ ಅಂಟಿಸಿ ತಂದವರ ಹೆಸರು ಬರೀರಿ. ಪಾತ್ರೆ ಮೇಲೆ ಕೆತ್ತಿದ ಹೆಸರು ನಂಬಿ ಕೊಡೋಕೆ ಹೋಗ್ಬೇಡಿ, ಅದು ಮದುವೆಗೆ ಉಡುಗೊರೆ ಕೊಟ್ಟವರದ್ದು.