ಬ್ರಿಟನ್ನಿನಲ್ಲಿ ಪಾರ್ಕಿನ್‌ಸನ್ ಟ್ರಯಲ್‌ಗೆ ಸಹಿ ಹಾಕುವ ಮುನ್ನ

ಮನೆಯಲ್ಲಿ ಅಪ್ಪನಿಗೋ ಅತ್ತೆಗೋ ಪಾರ್ಕಿನ್‌ಸನ್ ಇದ್ದರೆ, ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಡಾಕ್ಟರ್ ಒಂದು ದಿನ 'ಹೊಸ ಔಷಧದ ಟ್ರಯಲ್‌ಗೆ ಸೇರುತ್ತೀರಾ?' ಎಂದು ಕೇಳಬಹುದು. ನಮ್ಮ ಹಿರಿಯರು ತಕ್ಷಣ ಒಪ್ಪಿಬಿಡುತ್ತಾರೆ. ಡಾಕ್ಟರಿಗೆ ಇಲ್ಲ ಅನ್ನೋದು ಹೇಗೆ, ಅಲ್ವಾ? ಇಲ್ಲಿ ಅನ್ನಬಹುದು. ಮಾಹಿತಿ ಪತ್ರವನ್ನು ಮನೆಗೆ ತನ್ನಿ, ಕನ್ನಡದಲ್ಲಿ ಓದಿ ಹೇಳಿ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಕಾರಣ ಕೊಡಬೇಕಿಲ್ಲ, ಎಂದಿನ ಚಿಕಿತ್ಸೆಗೂ ತೊಂದರೆಯಾಗುವುದಿಲ್ಲ.

ಟ್ರಯಲ್ ಎಂದರೆ ಚಿಕಿತ್ಸೆಯಲ್ಲ, ಔಷಧದ ಪರೀಕ್ಷೆ. ಇದನ್ನು ಮನೆಯವರೆಲ್ಲ ಮೊದಲು ಒಪ್ಪಿಕೊಳ್ಳಬೇಕು. ಎಕ್ಸೆನಟೈಡ್ ಎಂಬ ಡಯಾಬಿಟಿಸ್ ಇಂಜೆಕ್ಷನ್ ನೋಡಿ. 2017ರಲ್ಲಿ ಲಂಡನ್ನಿನ ಒಂದು ಸಣ್ಣ ಟ್ರಯಲ್‌ನಲ್ಲಿ ಪಾರ್ಕಿನ್‌ಸನ್‌ಗೂ ಒಳ್ಳೆಯ ಫಲ ಕಂಡಿತು. ತುಂಬಾ ಜನ ಆಸೆ ಇಟ್ಟುಕೊಂಡರು. ಆಮೇಲೆ ಇನ್ನೂ ದೊಡ್ಡ ಟ್ರಯಲ್‌ನಲ್ಲಿ 194 ಜನ 96 ವಾರ ಇಂಜೆಕ್ಷನ್ ತೆಗೆದುಕೊಂಡರು. ಅರ್ಧ ಜನರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಇಂಜೆಕ್ಷನ್. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ. 2025ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿಗೆ ವ್ಯತ್ಯಾಸವಿಲ್ಲ. ಓದಿ ನನಗೆ ನಿಜಕ್ಕೂ ಬೇಸರವಾಯಿತು. ಆದರೆ ಆ 194 ಜನ ಇಲ್ಲದಿದ್ದರೆ ಉಳಿದವರು ವರ್ಷಗಟ್ಟಲೆ ಸುಮ್ನೆ ಚುಚ್ಚಿಸಿಕೊಳ್ಳುತ್ತಿದ್ದರೇನೋ.

ಔಷಧದ ಟ್ರಯಲ್‌ಗೆ ಎಂಎಚ್‌ಆರ್‌ಎ (ಔಷಧಗಳ ಸರ್ಕಾರಿ ನಿಯಂತ್ರಣ ಸಂಸ್ಥೆ) ಅನುಮತಿ ಬೇಕು, ಎಥಿಕ್ಸ್ ಸಮಿತಿಯೂ ಒಪ್ಪಬೇಕು. ಡಾಕ್ಟರ್ ಕೇಳಲಿ ಎಂದು ಕಾಯಬೇಕಿಲ್ಲ. 'ಬಿ ಪಾರ್ಟ್ ಆಫ್ ರಿಸರ್ಚ್' ಜಾಲತಾಣದಲ್ಲಿ ಅಥವಾ ಪಾರ್ಕಿನ್‌ಸನ್ಸ್ ಯುಕೆ ಸಂಸ್ಥೆಯ ಮೂಲಕ ನೀವೇ ಹುಡುಕಬಹುದು.

ಒಂದು ಪ್ರಶ್ನೆ ತಪ್ಪದೆ ಕೇಳಿ: ತಪಾಸಣೆಯ ದಿನ ಲೆವೊಡೋಪಾ (ಪಾರ್ಕಿನ್‌ಸನ್‌ಗೆ ಸಾಮಾನ್ಯವಾಗಿ ಕೊಡುವ ಔಷಧ) ಮಾತ್ರೆ ನಿಲ್ಲಿಸಬೇಕಾ? ಕೆಲವು ಟ್ರಯಲ್‌ಗಳಲ್ಲಿ ಹಿಂದಿನ ರಾತ್ರಿಯಿಂದಲೇ ನಿಲ್ಲಿಸಿ ಬರಲು ಹೇಳುತ್ತಾರೆ. ಆ ಬೆಳಿಗ್ಗೆ ಮೈ ಬಿಗಿಯುತ್ತದೆ, ನಡುಕ ಜಾಸ್ತಿಯಾಗುತ್ತದೆ. ಹಿರಿಯರನ್ನು ಒಬ್ಬರನ್ನೇ ಬಸ್ಸಿನಲ್ಲಿ ಕಳಿಸಬೇಡಿ. ಪ್ರಯಾಣದ ಖರ್ಚು ಕೊಡುತ್ತಾರಾ ಎಂದು ಆಗಲೇ ಕೇಳಿಬಿಡಿ.

ತೆಗೆದುಕೊಳ್ಳುವ ಔಷಧ ಯಾವುದನ್ನೂ ಮುಚ್ಚಿಡಬೇಡಿ. ಬಿಪಿಗೆ ನುಂಗುವ ಟೆಲ್ಮಿಸಾರ್ಟನ್ ಅನ್ನೇ ಪಾರ್ಕಿನ್‌ಸನ್‌ಗೆ ಪರೀಕ್ಷಿಸಲು 'ಆಕ್ಟ್-ಪಿಡಿ' ಎಂಬ ದೊಡ್ಡ ಟ್ರಯಲ್ ಆರಿಸಿಕೊಂಡಿದೆ. ಊರಿಂದ ತಂದ ನಸುಗುನ್ನಿ ಪುಡಿಯಲ್ಲಂತೂ ಲೆವೊಡೋಪಾನೇ ಇದೆ. 'ಅದು ಬರೀ ಗಿಡಮೂಲಿಕೆ' ಅಂತ ಬಿಡಬೇಡಿ. ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ರಿಸರ್ಚ್ ನರ್ಸ್‌ಗೆ ತೋರಿಸಿ.